ಮಗಳಿಗೆ ಅಪರಿಚಿತನ ಸಂದೇಶಗಳು: ಖಾತೆ ಅಳಿಸಬೇಕೇ?

ಪ್ರಶ್ನೆ: ತಾನೂ 13 ವರ್ಷದವನೆಂದು ಹೇಳಿಕೊಂಡು ಎರಡು ವಾರ ಬರೀ ಆಟದ ವಿಷಯ ಮಾತನಾಡಿದ ಅಪರಿಚಿತನೊಬ್ಬ, ಈಗ ನನ್ನ ಮಗಳಿಗೆ ‘ಅಮ್ಮನಿಗೆ ಹೇಳಬೇಡ, ಬೇರೆ ಆ್ಯಪ್‌ಗೆ ಬಾ’ ಎಂದು ಬರೆದಿದ್ದಾನೆ. ಅವಳ ಖಾತೆಯನ್ನೇ ಅಳಿಸಿಬಿಡಲೇ?

ಉತ್ತರ 1: ದಯವಿಟ್ಟು ಅಳಿಸಬೇಡಿ, ಸಾಕ್ಷ್ಯವೂ ಅದರೊಂದಿಗೇ ಹೋಗುತ್ತದೆ. ಆತನ ಖಾತೆಯ ಹೆಸರು ಮತ್ತು ದಿನಾಂಕ ಕಾಣುವಂತೆ ಸಂದೇಶಗಳ ಸ್ಕ್ರೀನ್‌ಶಾಟ್ ಉಳಿಸಿಕೊಂಡು, ಪೊಲೀಸರಿಗೂ ಜಾಲತಾಣಕ್ಕೂ ದೂರು ನೀಡಿದ ಮೇಲಷ್ಟೇ ಬ್ಲಾಕ್ ಮಾಡಿ. ಗುಟ್ಟು ಕಾಯಿಸುವುದು, ಬೇರೆಡೆಗೆ ಕರೆಯುವುದು ಇಂಥವರ ಹಳೆಯ ವರಸೆ.

ಉತ್ತರ 2: ಅವಳು ಖಾಸಗಿ ಚಿತ್ರವೇನಾದರೂ ಕಳುಹಿಸಿದ್ದರೆ ಅದನ್ನು ಮಾತ್ರ ನಕಲು ಮಾಡಬೇಡಿ, ಯಾರಿಗೂ ರವಾನಿಸಬೇಡಿ. ಮಕ್ಕಳ ಇಂಥ ಚಿತ್ರಗಳನ್ನು ಜಾಲತಾಣಗಳಿಂದ ತೆಗೆಸಲು ನೆರವಾಗುವ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆಯಲ್ಲಿ ಚಿತ್ರ ಫೋನಿನಲ್ಲೇ ಉಳಿದು, ಅದರ ಡಿಜಿಟಲ್ ಗುರುತಷ್ಟೇ (ಚಿತ್ರದಿಂದ ತಯಾರಾಗುವ ಸಂಕೇತ) ಸೇವೆಯಲ್ಲಿ ಪಾಲ್ಗೊಂಡ ಜಾಲತಾಣಗಳಿಗೆ ತಲುಪುತ್ತದೆ.

ಪ್ರಶ್ನೆ ಕೇಳಿದವರು: ಚಿತ್ರ ಕಳುಹಿಸಿಲ್ಲವಂತೆ. ನಾನು ಗದರಿದ್ದು ತಪ್ಪಾಯಿತು. ಸಂದೇಶ ತೋರಿಸಿದ್ದು ಅವಳೇ.