ಬಲಿಪೂಜೆಯಲ್ಲಿ ಟ್ರ್ಯಾಕ್ ಹಾಕಿ ಹಾಡುವುದು ಬೇಕೇ?

ಕನಕಪುರ ರಸ್ತೆಯವನು:
ನಮ್ಮದು ಬೆಂಗಳೂರಿನ ದಕ್ಷಿಣದಂಚಿನ ಪುಟ್ಟ ಕಥೋಲಿಕ ಧರ್ಮಕೇಂದ್ರ, ಅಂದರೆ ಚರ್ಚು. ಹಾರ್ಮೋನಿಯಂ ನುಡಿಸುತ್ತಿದ್ದ ಹಿರಿಯರಿಗೆ ಈಗ ಕೈ ನಡುಗುತ್ತದೆ. ಕೀಬೋರ್ಡ್ ನುಡಿಸುತ್ತಿದ್ದ ಹುಡುಗಿ ಮದುವೆಯಾಗಿ ಹೊಸೂರಿಗೆ ಹೋದಳು. ಹಾಗಾಗಿ ಭಾನುವಾರದ ಕನ್ನಡ ಬಲಿಪೂಜೆಗೆ ಮೊಬೈಲಿನಿಂದ ಟ್ರ್ಯಾಕ್ (ಮೊದಲೇ ಮುದ್ರಿಸಿಟ್ಟ ವಾದ್ಯಸಂಗೀತ) ಹಾಕಿ, ಅದರ ಮೇಲೆ ನಾಲ್ಕು ಜನ ಮೈಕ್ ಹಿಡಿದು ಹಾಡೋಣ ಎಂದು ಪಾಲನಾ ಸಮಿತಿಯ ಸಭೆಯಲ್ಲಿ ಯುವಜನರು ಸಲಹೆ ಕೊಟ್ಟಿದ್ದಾರೆ. ಫಾದರ್ ಎಲ್ಲರ ಅಭಿಪ್ರಾಯ ಕೇಳಿ ಎಂದಿದ್ದಾರೆ.

ನನಗೆ ಇದು ಸುತರಾಂ ಒಪ್ಪಿಗೆಯಿಲ್ಲ. ಟ್ರ್ಯಾಕ್ ಯಾರಿಗೂ ಕಾಯುವುದಿಲ್ಲ. ಕಾಣಿಕೆಯ ಮೆರವಣಿಗೆಯಲ್ಲಿ ಮಂಡಿನೋವಿನ ಅಜ್ಜಿಯೊಬ್ಬರು ರೊಟ್ಟಿಯ ಪಾತ್ರೆ ಹಿಡಿದು ನಿಧಾನವಾಗಿ ಬರುತ್ತಾರೆ. ಅವರು ಬಲಿಪೀಠ ಮುಟ್ಟುವವರೆಗೆ ಪಲ್ಲವಿಯನ್ನು ಮತ್ತೊಂದು ಸಲ ಎತ್ತಿಕೊಳ್ಳುವುದು ಹಾಡುವ ಜನಕ್ಕೆ ಗೊತ್ತು. ಪರಮಪ್ರಸಾದ, ಅಂದರೆ ಪವಿತ್ರ ರೊಟ್ಟಿ, ಸ್ವೀಕರಿಸುವವರ ಸಾಲು ಉದ್ದವಾದರೂ ಅಷ್ಟೇ, ಬೇಗ ಕರಗಿದರೂ ಅಷ್ಟೇ. ಟ್ರ್ಯಾಕಿಗೆ ತನ್ನದೇ ಆರಂಭ, ತನ್ನದೇ ಅಂತ್ಯ.

ಶನಿವಾರದ ಅಭ್ಯಾಸ:
ಆ ಸಲಹೆ ಕೊಟ್ಟವರಲ್ಲಿ ನಾನೂ ಒಬ್ಬ. ನಮ್ಮನ್ನು ಸೋಮಾರಿಗಳೆಂದು ಯಾರೂ ತಿಳಿಯಬೇಡಿ. ಗಾಯನ ವೃಂದದಲ್ಲಿ ಉಳಿದವರಲ್ಲಿ ಒಬ್ಬಳು ಆಸ್ಪತ್ರೆಯಲ್ಲಿ ನರ್ಸ್, ರಾತ್ರಿ ಪಾಳಿ. ಇನ್ನೊಬ್ಬ ಊಟ ತಲುಪಿಸುವ ಕೆಲಸದಲ್ಲಿದ್ದಾನೆ, ಶನಿವಾರ ಸಂಜೆಯೇ ಅವನಿಗೆ ದುಡಿಮೆಯ ಹೊತ್ತು. ವಾದ್ಯವಿಲ್ಲದೆ ಹಾಡು ಎತ್ತಿಕೊಂಡರೆ ಶ್ರುತಿ ಎಲ್ಲೋ ಹೋಗಿ, ಎರಡನೆಯ ಚರಣಕ್ಕೆ ಹೆಂಗಸರಿಗೆ ದನಿ ಏರುವುದಿಲ್ಲ, ಗಂಡಸರು ಬಾಯಿಯನ್ನೇ ತೆರೆಯುವುದಿಲ್ಲ. ಅಂಥ ಮೌನಕ್ಕಿಂತ ಟ್ರ್ಯಾಕ್ ವಾಸಿ. ಧರ್ಮಸಭೆ ಇದನ್ನು ಬೇಡವೆಂದು ಎಲ್ಲಿ ಹೇಳಿದೆ?

ಧರ್ಮೋಪದೇಶದ ಟೀಚರ್:
ಹೇಳಿದೆ. ಪವಿತ್ರ ಸಂಗೀತದ ಬಗ್ಗೆ ರೋಮ್ 1958ರಲ್ಲಿ ಹೊರಡಿಸಿದ ನಿರ್ದೇಶನದಲ್ಲಿ ಗ್ರಾಮಫೋನ್, ಟೇಪ್ ರೆಕಾರ್ಡರುಗಳಂಥ ಯಂತ್ರಗಳನ್ನು ಆರಾಧನಾ ವಿಧಿಯಲ್ಲಿ ಬಳಸಬಾರದೆಂಬ ಮಾತು ನೇರವಾಗಿಯೇ ಇದೆ. ಆದರೆ ಅದನ್ನು ಹಿಡಿದು ಮಕ್ಕಳ ಮೇಲೆ ಎಗರಾಡುವುದು ನನಗೆ ಇಷ್ಟವಿಲ್ಲ. ಅದಕ್ಕಿಂತ ಮುಖ್ಯವಾದದ್ದು ಎರಡನೆಯ ವ್ಯಾಟಿಕನ್ ಮಹಾಸಭೆಯ, ಅಂದರೆ ಜಗತ್ತಿನ ಬಿಷಪರೆಲ್ಲ ಸೇರಿದ್ದ ಸಭೆಯ, ಮಾತು. 1963ರ ಡಿಸೆಂಬರ್ 4ರಂದು ಪ್ರಕಟವಾದ ಆರಾಧನಾ ವಿಧಿಯ ಸಂವಿಧಾನದ 14ನೆಯ ಕಂಡಿಕೆ, ಜನರು ಪೂರ್ಣವಾಗಿ, ಅರಿತು, ಸಕ್ರಿಯವಾಗಿ ಪಾಲ್ಗೊಳ್ಳಬೇಕು ಎನ್ನುತ್ತದೆ. ಲತೀನ್ ಭಾಷೆಯ ಪೂಜೆ ಕನ್ನಡಕ್ಕೆ ಬಂದದ್ದು ಅದೇ ಮಹಾಸಭೆಯ ದಾರಿಯಲ್ಲಿ. 1967ರ ಸಂಗೀತ ನಿರ್ದೇಶನ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಜನರನ್ನು ಪೂರ್ತಿ ಹೊರಗಿಟ್ಟು ಎಲ್ಲ ಹಾಡನ್ನೂ ಗಾಯನ ವೃಂದವೇ ಹಾಡುವುದು ತರವಲ್ಲ ಎಂದಿದೆ.

ಅಂದರೆ ನಾಲ್ಕು ಮೈಕ್ ಇಟ್ಟುಕೊಂಡು ನಾಲ್ವರೇ ಹಾಡುವುದು, ಟ್ರ್ಯಾಕ್ ಇದ್ದರೂ ಇಲ್ಲದಿದ್ದರೂ, ತಪ್ಪೇ. ಹಾರ್ಮೋನಿಯಂ ಇದ್ದ ಕಾಲದಲ್ಲಿಯೂ ನಮ್ಮಲ್ಲಿ ಆ ರೋಗವಿತ್ತು.

ಹಾರೋಬೆಲೆ ಮೂಲ:
ಟೀಚರ್ ಮಾತಿಗೆ ನನ್ನದೂ ಒಂದು ಸೇರಿಸುತ್ತೇನೆ. ಹಾಡು ಮೊದಲು ಬಿಟ್ಟುಹೋದದ್ದು ಗುಡಿಯಿಂದಲ್ಲ, ಮನೆಯಿಂದ. ನಮ್ಮೂರು ಹಾರೋಬೆಲೆಯಲ್ಲಿ ಅಕ್ಟೋಬರ್ ಬಂತೆಂದರೆ ಸಂಜೆ ಸಂಜೆ ಮಣಿ ಎಣಿಸುತ್ತಾ ಮಾಡುವ ಜಪಸರ ಪ್ರಾರ್ಥನೆ, ಅದರಲ್ಲಿ ಧ್ಯಾನಿಸುವ ಐದೈದು ರಹಸ್ಯಗಳ (ಯೇಸು, ಮರಿಯಳ ಬಾಳಿನ ಘಟನೆಗಳ) ನಡುವೆ ಮರಿಯ ಮಾತೆಗೊಂದು ಹಾಡು. ಸಾವಿನ ಮನೆಯಲ್ಲಿ ಹೆಂಗಸರು ಸರದಿಯಂತೆ ಹಾಡುತ್ತಾ ಬೆಳಗು ಮಾಡುತ್ತಿದ್ದರು. ಯಾರಿಗೂ ಯಾರೂ ಶ್ರುತಿ ಹಿಡಿದು ಕಲಿಸಲಿಲ್ಲ. ಬೆಂಗಳೂರಿಗೆ ಬಂದ ಮೇಲೆ ನೆರೆಹೊರೆಯ ಮನೆಗಳವರು ಸೇರುವ ಕಿರು ಕ್ರೈಸ್ತ ಸಮುದಾಯದ ಕೂಟ ಇದೆ, ಆದರೆ ಅಲ್ಲಿ ಒಂದು ವಾಚನ, ನಾಲ್ಕು ಪ್ರಕಟಣೆ, ಚಹಾ, ಅಷ್ಟಕ್ಕೇ ಮುಗಿಯುತ್ತದೆ. ಮುಂದಿನ ಭಾನುವಾರ ಪೂಜೆಯಲ್ಲಿ ಹಾಡುವ ಬೈಬಲಿನ ಕೀರ್ತನೆಯ ಪಲ್ಲವಿಯನ್ನು ಆ ಕೂಟದಲ್ಲೇ ಹಾಡಿ ನೋಡಿ. ಒಂದೇ ಸಾಲು ತಾನೇ?

ಸಮಿತಿಯವರು:
ಖರ್ಚಿನ ಮಾತನ್ನೂ ಆಡಬೇಕಲ್ಲ. ಹಬ್ಬದ ದಿನ ಹೊರಗಿನಿಂದ ವಾದ್ಯದವರನ್ನು ಕರೆಸುತ್ತೇವೆ, ಆ ಹಣದಲ್ಲಿ ಸಂತ ವಿನ್ಸೆಂಟ್ ದಿ ಪಾಲ್ ಸಭೆಯವರು ಕೆಲವು ಮನೆಗಳಿಗೆ ಅಕ್ಕಿ ಕೊಡಬಹುದು. ಟ್ರ್ಯಾಕಿಗೆ ಖರ್ಚಿಲ್ಲ.

ಸೂಜಿ ದಾರ:
ನಾನು ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಕೆಲಸ ಮಾಡುತ್ತೇನೆ. ಮನೆಮಾತು ತಮಿಳು, ಮಗಳು ಕನ್ನಡ ಶಾಲೆಗೆ ಹೋಗುತ್ತಾಳೆಂದು ಕನ್ನಡ ಪೂಜೆಗೇ ಬರುತ್ತೇನೆ. ನಿಮ್ಮೆಲ್ಲರ ಮಾತು ಓದಿದೆ. ಟ್ರ್ಯಾಕ್ ಬೇಕು, ಬೇಡ ಎನ್ನುತ್ತಿದ್ದೀರಿ. ನನ್ನ ಕೈಯಲ್ಲಿ ಹಾಡಿನ ಮಾತುಗಳೇ ಇಲ್ಲ. ಹಾಡಿನ ಪುಸ್ತಕಗಳು ಮುಂದಿನ ಎರಡು ಬೆಂಚಿನಲ್ಲೇ ಇರುತ್ತವೆ, ಗಾಯನ ವೃಂದದವರು ಒಬ್ಬರಿಗೊಬ್ಬರು ಮುಖ ಮಾಡಿ ನಿಂತಿರುತ್ತಾರೆ, ನಮಗೆ ಕಾಣುವುದು ಅವರ ಬೆನ್ನು. ಹಿಂದಿನ ಬೆಂಚಿನಲ್ಲಿ ಕುಳಿತವರನ್ನು ಬನ್ನಿ, ನೀವೂ ಹಾಡಿ ಎಂದು ಯಾರೂ ಕರೆದಿಲ್ಲ. ನನಗೆ ಹಾಡಲು ಬರುತ್ತದೆ. ಆಗಸ್ಟ್ 29ಕ್ಕೆ ಶಿವಾಜಿನಗರದ ಬೆಸಿಲಿಕಾದಲ್ಲಿ ಧ್ವಜ ಏರಿದಾಗಿನಿಂದ ಸೆಪ್ಟೆಂಬರ್ 8ರ ಮರಿಯ ಮಾತೆಯ ಹಬ್ಬದವರೆಗೆ, ರಜೆ ಸಿಕ್ಕ ದಿನವೆಲ್ಲ ಹೋಗಿ ಆ ಜನಜಂಗುಳಿಯಲ್ಲಿ ಗಂಟಲು ಬಿಚ್ಚಿ ಹಾಡುತ್ತೇನೆ. ನಮ್ಮ ಗುಡಿಯಲ್ಲಿ ಮಾತ್ರ ಬಾಯಿ ಮುಚ್ಚಿ ನಿಲ್ಲುತ್ತೇನೆ.

ಕನಕಪುರ ರಸ್ತೆಯವನು:
ತಂಗಿ, ನೀವು ಬರೆದದ್ದನ್ನು ಸಮಿತಿಯಲ್ಲಿ ಓದಿ ಹೇಳುತ್ತೇನೆ. ಸಮಿತಿಯವರೇ, ಅಕ್ಕಿಯ ಮಾತು ನ್ಯಾಯವಾದದ್ದೇ, ಆದರೆ ಒಂದು ಹಾಳೆಯ ಎರಡು ಬದಿಗೆ ಆ ವಾರದ ಹಾಡುಗಳನ್ನು ದೊಡ್ಡ ಅಕ್ಷರದಲ್ಲಿ ಮುದ್ರಿಸಲು ಎಷ್ಟು ಖರ್ಚಾದೀತು? ಹಾಳೆಯ ಹಣ ನಾನು ಕೊಡುತ್ತೇನೆ. ವೃಂದದವರು ಮುಂದೆ ಬಾರದೆ ಜನರ ನಡುವೆ, ಎರಡೂ ಬದಿಯ ಬೆಂಚುಗಳಲ್ಲಿ ಚದುರಿ ಕೂರಲಿ. ಮೈಕ್ ಒಂದೇ ಸಾಕು, ಕೀರ್ತನೆ ಹಾಡುವವರಿಗೆ.

ಶನಿವಾರದ ಅಭ್ಯಾಸ:
ಚದುರಿ ಕೂರಲು ನಾವು ಸಿದ್ಧ. ಶ್ರುತಿಯ ಪ್ರಶ್ನೆ ಹಾಗೇ ಉಳಿಯಿತಲ್ಲ?

ಧರ್ಮೋಪದೇಶದ ಟೀಚರ್:
ಮೊಬೈಲಿನಲ್ಲಿ ಶ್ರುತಿಪೆಟ್ಟಿಗೆ ಇದೆ, ಪೂಜೆಗೆ ಮೊದಲು ಒಮ್ಮೆ ಕೇಳಿಕೊಂಡು ಕೆಳಗಿನ ಶ್ರುತಿಯಲ್ಲಿ ಎತ್ತಿಕೊಳ್ಳಿ, ಗಂಡಸರೂ ಬರುತ್ತಾರೆ. ಹೇಗೂ ತಪಸ್ಸುಕಾಲದಲ್ಲಿ, ಅಂದರೆ ಪಾಸ್ಖ (ಈಸ್ಟರ್) ಹಬ್ಬಕ್ಕೆ ಮುಂಚಿನ ಉಪವಾಸದ ದಿನಗಳಲ್ಲಿ, ವಾದ್ಯವನ್ನು ಹಾಡಿಗೆ ಆಧಾರವಾಗಿ ಮಾತ್ರ ನುಡಿಸಬೇಕೆಂಬ ನಿಯಮವಿದೆ, ದೇವರನ್ನು ಕೊಂಡಾಡುವ ಮಹಿಮಾಗೀತೆಯೂ ಇಲ್ಲ, ಅಲ್ಲೆಲೂಯವೂ ಇಲ್ಲ. ಹಾಡುಗಳು ಕಡಿಮೆ, ನಿಧಾನ. ಆ ಭಾನುವಾರಗಳಲ್ಲಿ ಬರಿ ಕಂಠದಲ್ಲಿ ಹಾಡಿ ನೋಡೋಣ. ನಮ್ಮ ಹಾರ್ಮೋನಿಯಂ ಹಿರಿಯರು ನುಡಿಸದಿದ್ದರೂ ಹಾಡು ಎತ್ತಿಕೊಡಬಲ್ಲರು, ಅವರನ್ನು ಮನೆಗೆ ಹೋಗಿ ಕರೆಯಿರಿ.

ಶನಿವಾರದ ಅಭ್ಯಾಸ:
ತಪಸ್ಸುಕಾಲಕ್ಕೆ ಒಪ್ಪಿದೆ. ಅವರ ಮನೆಗೆ ಈ ಶನಿವಾರ ನಾನೇ ಹೋಗುತ್ತೇನೆ. ಆದರೆ ಪಾಸ್ಖ ಹಬ್ಬದ ರಾತ್ರಿ ಗಂಟೆಗಳೆಲ್ಲ ಮೊಳಗಿ ಮಹಿಮಾಗೀತೆ ಬರುವಾಗ ವಾದ್ಯವಿಲ್ಲದೆ ಹಾಡುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಆ ದಿನ ಕೀಬೋರ್ಡ್ ಬೇಕೇ ಬೇಕು.

ಹಾರೋಬೆಲೆ ಮೂಲ:
ಆ ರಾತ್ರಿ ವಾದ್ಯ ಇರಲಿ, ನನ್ನ ತಕರಾರಿಲ್ಲ. ಟ್ರ್ಯಾಕ್ ಬೇಡ, ನುಡಿಸುವ ಮನುಷ್ಯ ಇರಲಿ. ಹೊಸೂರಿನ ಹುಡುಗಿ ಹಬ್ಬಕ್ಕೆ ತವರಿಗೆ ಬರುವುದಿಲ್ಲವೇ? ಈಗಲೇ ಒಂದು ಮಾತು ಕೇಳಿಡಿ.