ಬ್ಯಾಕುಲಾ: ಸುಟ್ಟುಹೋದ ಕಂಪ್ಯೂಟರಿನ ಹಳೇ ಜಾಬ್‌ಗಳು ಕ್ಯಾಟಲಾಗ್‌ನಿಂದ ಹೋಗುತ್ತಿಲ್ಲ

ಶಿರಸಿ ಮಂಡಿ:
ನಮಸ್ಕಾರ. ಶಿರಸಿಯಲ್ಲಿ ಒಂದು ಅಡಿಕೆ ಮಂಡಿಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತೇನೆ. ಬ್ಯಾಕಪ್‌ಗೆ ಬ್ಯಾಕುಲಾ ತಂತ್ರಾಂಶ, ಅದರ ಕ್ಯಾಟಲಾಗ್ (ಯಾವ ಬ್ಯಾಕಪ್‌ನಲ್ಲಿ ಯಾವ ಫೈಲ್ ಇದೆ ಎಂಬ ದಾಖಲೆ) ಪೋಸ್ಟ್‌ಗ್ರೆಸ್ ಡೇಟಾಬೇಸ್‌ನಲ್ಲಿದೆ. ಹೋದ ಮಳೆಗಾಲ ಸಿಡಿಲು ಹೊಡೆದು ಲೆಕ್ಕದ ಕಂಪ್ಯೂಟರ್ ಸುಟ್ಟಿತು, ಅದರ ಹೆಸರನ್ನು ಕಾನ್ಫಿಗ್‌ನಿಂದಲೇ ತೆಗೆದುಬಿಟ್ಟೆ. ಜಾಬ್ ರಿಟೆನ್ಷನ್ (ಒಂದೊಂದು ಬ್ಯಾಕಪ್‌ನ ದಾಖಲೆ ಇಟ್ಟುಕೊಳ್ಳುವ ಅವಧಿ) 180 ದಿನ, ಆಟೋಪ್ರೂನ್ (ಅವಧಿ ಮೀರಿದ ದಾಖಲೆ ತಾನಾಗಿ ತೆಗೆಯುವುದು) ಯೆಸ್, ಆದರೂ ಅದರ ಜಾಬ್‌ಗಳು ಈಗಲೂ ಪಟ್ಟಿಯಲ್ಲಿವೆ. ಉಳಿದ ಕಂಪ್ಯೂಟರುಗಳದ್ದು ಸರಿಯಾಗಿ ಹೋಗುತ್ತಿದೆ. ಡಿಸ್ಕ್ ತುಂಬುತ್ತಾ ಬಂದಿದೆ. ಪೋಸ್ಟ್‌ಗ್ರೆಸ್ ಒಳಗೆ ಹೋಗಿ ಜಾಬ್ ಟೇಬಲ್‌ನಿಂದ ಅಳಿಸಿಬಿಡಲಾ?

ಕಾರವಾರದವ:
ಬೇಡ ಮಾರಾಯ್ರೆ, ಟೇಬಲ್‌ಗೆ ಕೈ ಹಾಕಬೇಡಿ. ಜಾಬ್ ಸಾಲು ಒಂದನ್ನೇ ಅಳಿಸಿದರೆ ಅದರ ಫೈಲ್ ದಾಖಲೆಗಳು ವಾರಸುದಾರರಿಲ್ಲದೆ ಹಾಗೇ ಬಿದ್ದಿರುತ್ತವೆ, ಜಾಗ ಜಾಸ್ತಿ ತಿನ್ನುವುದೇ ಅವು.

ಆಟೋಪ್ರೂನ್ ದಿನ ಎಣಿಸುತ್ತಾ ತಾನಾಗಿ ಓಡುವುದಿಲ್ಲ. ಒಂದು ಕ್ಲೈಂಟಿನ, ಅಂದರೆ ಬ್ಯಾಕಪ್ ಆಗುವ ಕಂಪ್ಯೂಟರಿನ, ಬ್ಯಾಕಪ್ ಮುಗಿದಾಗ ಅದೇ ಕ್ಲೈಂಟಿನ ಹಳೇ ದಾಖಲೆ ತೆಗೆಯುತ್ತದೆ. ಸುಟ್ಟ ಕಂಪ್ಯೂಟರಿಗೆ ಬ್ಯಾಕಪ್ಪೇ ಇಲ್ಲ, ಮತ್ತೆ ತೆಗೆಯುವವರು ಯಾರು? ಹೆಸರು ಕಾನ್ಫಿಗ್‌ನಲ್ಲಿ ಇದ್ದಿದ್ದರೆ ಪ್ರೂನ್ ಜಾಬ್ಸ್ ಆಜ್ಞೆ ಕೊಟ್ಟರೆ ಸಾಕಿತ್ತು. ನೀವು ಮೊದಲು ಪಿಜಿ-ಡಂಪ್‌ನಿಂದ ಕ್ಯಾಟಲಾಗ್‌ನ ಪ್ರತಿ ತೆಗೆದಿಡಿ. ಆಮೇಲೆ ಬಿಕನ್ಸೋಲ್‌ನಲ್ಲಿ (ಬ್ಯಾಕುಲಾಗೆ ಆಜ್ಞೆ ಕೊಡುವ ಕಿಟಕಿ) ಲಿಸ್ಟ್ ಜಾಬ್ಸ್ ಕೊಟ್ಟು ಆ ಕಂಪ್ಯೂಟರಿನ ಸಂಖ್ಯೆಗಳನ್ನು ಬರೆದುಕೊಂಡು, ಡಿಲೀಟ್ ಜಾಬ್‌ಐಡಿ ಕೊಡಿ. 40-75 ಅಂತ ಒಟ್ಟಿಗೂ ಕೊಡಬಹುದು, ಆದರೆ ಮಧ್ಯೆ ಬೇರೆ ಕಂಪ್ಯೂಟರಿನ ಜಾಬ್ ಸೇರಿಕೊಂಡಿರುತ್ತದೆ, ಒಂದೊಂದಾಗಿ ನೋಡಿ. ಪರ್ಜ್ ಆಜ್ಞೆ ಮಾತ್ರ ಬೇಡವೇ ಬೇಡ, ಅದು ರಿಟೆನ್ಷನ್ ನೋಡುವುದೇ ಇಲ್ಲ.

ಇನ್ನೊಂದು, ಅಳಿಸುವ ಮೊದಲು ಯಜಮಾನರನ್ನು ಕೇಳಿ. ಅಳಿಸಿದರೂ ವಾಲ್ಯೂಮ್‌ನಲ್ಲಿ (ಬ್ಯಾಕಪ್ ಬರೆದಿಟ್ಟ ಫೈಲ್ ಅಥವಾ ಟೇಪ್) ಡೇಟಾ ಇರುತ್ತದೆ, ಅದರ ಮೇಲೆ ಬೇರೆ ಬ್ಯಾಕಪ್ ಬರೆಯುವವರೆಗೆ ಬ್ಯಾಕುಲಾದ ಬಿಸ್ಕ್ಯಾನ್ ಎಂಬ ಸಾಧನದಿಂದ ದಾಖಲೆ ವಾಪಸ್ ತರಬಹುದು. ಆದರೆ ತುಂಬಾ ಹೊತ್ತು ಹಿಡಿಯುವ ಕೆಲಸ.

ಶಿರಸಿ ಮಂಡಿ:
ಕೇಳಿದ್ದು ಒಳ್ಳೆಯದಾಯಿತು ಅಣ್ಣಾ! ಮಾರ್ಚ್ ಕೊನೆಯ ಲೆಕ್ಕ ಬೇಕೇ ಬೇಕಂತೆ. ಆ ಒಂದು ಫುಲ್ ಬ್ಯಾಕಪ್ ಬಿಟ್ಟು ಉಳಿದದ್ದು ಅಳಿಸಿದೆ, ಪಟ್ಟಿ ಸರಿಯಾಯಿತು. ಡಿಸ್ಕ್‌ನಲ್ಲಿ ಮಾತ್ರ ಜಾಗ ಒಂಚೂರೂ ಹೆಚ್ಚಲಿಲ್ಲ, ಯಾಕೆ?

ಕಾರವಾರದವ:
ಪೋಸ್ಟ್‌ಗ್ರೆಸ್ ಹಾಗೆಯೇ. ಖಾಲಿಯಾದ ಜಾಗವನ್ನು ಡಿಸ್ಕ್‌ಗೆ ವಾಪಸ್ ಕೊಡುವುದಿಲ್ಲ, ಮುಂದಿನ ದಾಖಲೆಗಳಿಗೆ ತಾನೇ ಬಳಸುತ್ತದೆ. ಒಂದು ಸಲ ವ್ಯಾಕ್ಯೂಮ್ (ಅಳಿಸಿದ ಸಾಲುಗಳ ಜಾಗ ಮತ್ತೆ ಬಳಸುವಂತೆ ಮಾಡುವ ಪೋಸ್ಟ್‌ಗ್ರೆಸ್ ಆಜ್ಞೆ) ಓಡಿಸಿ, ಸ್ವಲ್ಪ ಕಾಲ ಕ್ಯಾಟಲಾಗ್ ಬೆಳೆಯುವುದಿಲ್ಲ. ವ್ಯಾಕ್ಯೂಮ್ ಫುಲ್ ಮಾಡಿದರೆ ಜಾಗ ವಾಪಸ್ ಬರುತ್ತದೆ, ಆದರೆ ಅದು ಟೇಬಲ್‌ನ ಹೊಸ ಪ್ರತಿ ಬರೆದ ಮೇಲೆಯೇ ಹಳೆಯದನ್ನು ಬಿಡುತ್ತದೆ. ತುಂಬಿದ ಡಿಸ್ಕ್‌ನಲ್ಲಿ ಅದಕ್ಕೆ ಜಾಗವೇ ಸಿಗಲಿಕ್ಕಿಲ್ಲ. ಮುಗಿಯುವವರೆಗೆ ಟೇಬಲ್‌ಗೆ ಬೀಗವೂ ಬೀಳುತ್ತದೆ, ಹಾಗಾಗಿ ಬ್ಯಾಕಪ್ ಇಲ್ಲದ ಹೊತ್ತು ನೋಡಿ ಮಾಡಿ.

ಮಾರ್ಚ್ ಬ್ಯಾಕಪ್ ಇರುವ ವಾಲ್ಯೂಮ್‌ನ ಸ್ಟೇಟಸ್ ಇವತ್ತೇ ರೀಡ್-ಓನ್ಲಿ ಮಾಡಿ, ಅದರ ಮೇಲೆ ಬೇರೆ ಬ್ಯಾಕಪ್ ಬರೆಯದ ಹಾಗೆ. ಲೆಕ್ಕವನ್ನು ಬೇರೆ ಕಂಪ್ಯೂಟರಿಗೆ ಒಮ್ಮೆ ರಿಸ್ಟೋರ್ ಮಾಡಿ, ತೆರೆಯುತ್ತದಾ ನೋಡಿ.