ಪುರಾಣದ ಕಥೆ ಹಿಂಸೆಗೆ ಸಮರ್ಥನೆಯಾಗುವುದು ಎಲ್ಲಿ? ಯಾವ ಭಾಗ ಓದಿಸಲಿ?

ಕೋಥ್ರೂಡ್_ಓದುಗ:
ಪುಣೆಯ ನಮ್ಮ ಕನ್ನಡ ಓದುಬಳಗದಲ್ಲಿ ಕಾಲೇಜು ಹುಡುಗರಿಗೆ ಒಂದೂವರೆ ಗಂಟೆಯ ಚರ್ಚೆ ಇಟ್ಟುಕೊಂಡಿದ್ದೇವೆ. ಧರ್ಮದ ಕಥೆಗಳನ್ನು ಹೇಳಿಯೇ ಇನ್ನೊಬ್ಬರ ಮೇಲೆ ಕೈಮಾಡುವುದು ಹೇಗೆ ಸಾಧ್ಯವಾಗುತ್ತದೆ ಎಂಬುದು ವಿಷಯ. "ಧರ್ಮವೇ ಕೆಟ್ಟದ್ದು" ಎಂದೋ "ಅದು ನಿಜವಾದ ಧರ್ಮವೇ ಅಲ್ಲ" ಎಂದೋ ಹೇಳಿ ಕೈತೊಳೆದುಕೊಳ್ಳುವುದು ಬೇಡ. ಪಠ್ಯ ಮುಂದಿಟ್ಟುಕೊಂಡೇ ತೋರಿಸಬೇಕು. ಏನು ಓದಿಸಲಿ?

ಹಳೇಪುಟ:
ಪುಣೆಯಲ್ಲೇ ಇದ್ದೀರಿ, ಅಲ್ಲಿಂದಲೇ ಶುರು ಮಾಡಿ ಸರ್. 1897ರ ಜೂನ್ 12ರಂದು ಶಿವಾಜಿ ಉತ್ಸವದಲ್ಲಿ ತಿಲಕರು ಅಫ್ಜಲ್ ಖಾನನ ವಧೆಯ ಬಗ್ಗೆ ಮಾತಾಡಿದರು. ಫಲದ ಆಸೆಯಿಲ್ಲದಿದ್ದರೆ ಗುರುಗಳನ್ನೂ ಬಂಧುಗಳನ್ನೂ ಕೊಂದರೂ ದೋಷವಿಲ್ಲವೆಂದು ಗೀತೆ ಬೋಧಿಸುತ್ತದೆ ಎಂಬುದು ಅವರ ವಾದ. ಜೂನ್ 22ರ ರಾತ್ರಿ ಗಣೇಶಖಿಂಡ್ ರಸ್ತೆಯಲ್ಲಿ ಪ್ಲೇಗ್ ಅಧಿಕಾರಿ ರ‍್ಯಾಂಡ್ ಮೇಲೆ ಚಾಪೇಕರ್ ಸೋದರರ ಗುಂಡು ಹಾರಿತು. ತಿಲಕರ ಮೇಲೆ ಕೊಲೆಯ ಆರೋಪ ಇರಲಿಲ್ಲ. ರಾಜದ್ರೋಹಕ್ಕೆ 18 ತಿಂಗಳ ಸಜೆಯಾಯಿತು. ಇದನ್ನು ಹುಡುಗರಿಗೆ ಬಿಡಿಸಿ ಹೇಳಿ, ಇಲ್ಲದಿದ್ದರೆ ಚರ್ಚೆ ತಿಲಕರ ಪರ-ವಿರೋಧಕ್ಕೆ ತಿರುಗಿ ಅಲ್ಲೇ ನಿಲ್ಲುತ್ತದೆ.

1930ರಲ್ಲಿ ಗಾಂಧೀಜಿ ಅದೇ ಊರಿನ ಯರವಡಾ ಜೈಲಿನಿಂದ ಆಶ್ರಮಕ್ಕೆ ಗೀತೆಯ ಬಗ್ಗೆ ಕಾಗದಗಳನ್ನು ಬರೆದರು. ಅವರಿಗೆ ಕುರುಕ್ಷೇತ್ರ ಮನಸ್ಸಿನೊಳಗಿನ ಯುದ್ಧ. 1948ರ ನವೆಂಬರಿನಲ್ಲಿ ಕೋರ್ಟಿನ ಮುಂದೆ ಗೋಡ್ಸೆ ನೆನೆದದ್ದು ರಾವಣನನ್ನು ಕೊಂದ ರಾಮನನ್ನು, ಕಂಸನನ್ನು ಕೊಂದ ಕೃಷ್ಣನನ್ನು, ಭೀಷ್ಮನ ಎದುರು ನಿಂತ ಅರ್ಜುನನನ್ನು. ಅವನು ಕೊಂದದ್ದು ಪ್ರಾರ್ಥನೆಗೆ ಹೊರಟಿದ್ದ 78 ವರ್ಷದ ನಿರಾಯುಧ ಮುದುಕನನ್ನು. ಎದುರಿಗಿರುವವನೇ ರಾವಣ ಎಂಬ ತೀರ್ಪು ಯಾವ ಶ್ಲೋಕದಲ್ಲೂ ಇಲ್ಲ, ಕೊಲ್ಲುವವನೇ ತಂದು ಸೇರಿಸಿದ್ದು. ಆ ಜಾಗದ ಮೇಲೆ ಬೆರಳಿಟ್ಟು ತೋರಿಸಿ.

ಮಾಟುಂಗಾ_ನಾಗವೇಣಿ:
ಪಾತ್ರ ಅದಲುಬದಲು ಮಾಡುವುದು ಒಂದು ಕಡೆ, ಕಥೆಯನ್ನು ನಡುವೆ ಕತ್ತರಿಸುವುದು ಇನ್ನೊಂದು. ಅದಕ್ಕೆ ಮಹಾಭಾರತದ ಖಾಂಡವದಹನಕ್ಕಿಂತ, ಅಂದರೆ ಅಗ್ನಿಗಾಗಿ ಕೃಷ್ಣಾರ್ಜುನರು ಖಾಂಡವವೆಂಬ ಕಾಡನ್ನು ಸುಡಿಸಿದ ಕಥೆಗಿಂತ, ಒಳ್ಳೆಯ ಪಾಠ ಸಿಗದು. ಗಾಂಡೀವ ಬಂತು, ಅಗ್ನಿ ತಣಿದ ಎಂದು ನಿಲ್ಲಿಸಿದರೆ ಅದು ವಿಜಯದ ಕಥೆ. ಮುಂದೆ ಓದಿ: ಅಲ್ಲಿ ವಾಸವಾಗಿದ್ದ ನಾಗರಾಜ ತಕ್ಷಕ ಆ ದಿನ ಕಾಡಿನಲ್ಲೇ ಇರಲಿಲ್ಲ, ಸತ್ತವಳು ಅವನ ಹೆಂಡತಿ. ಅವಳು ಉಳಿಸಿದ ಮಗ ಅಶ್ವಸೇನ ಕರ್ಣನ ಬಾಣವೇರಿ ಬಂದು ಅರ್ಜುನನ ಕಿರೀಟ ಹಾರಿಸುತ್ತಾನೆ. ಅರ್ಜುನನ ಮೊಮ್ಮಗ ಪರೀಕ್ಷಿತ ತಕ್ಷಕನ ವಿಷಕ್ಕೆ ಸಾಯುತ್ತಾನೆ, ಅವನ ಮಗ ಜನಮೇಜಯ ನಾಗಕುಲವನ್ನೇ ಬೆಂಕಿಗೆ ಹಾಕಲು ಹೊರಡುತ್ತಾನೆ. ತಡೆಯುವವನು ಆಸ್ತೀಕ, ತಂದೆ ಋಷಿ, ತಾಯಿ ನಾಗಕನ್ಯೆ. ವೈಶಂಪಾಯನ ಇಡೀ ಭಾರತವನ್ನು ಹೇಳುವುದು ಆ ಸರ್ಪಸತ್ರದಲ್ಲೇ!

ಇನ್ನೊಂದು, "ಅಹಿಂಸಾ ಪರಮೋ ಧರ್ಮಃ, ಧರ್ಮಹಿಂಸಾ ತಥೈವ ಚ" ಎಂದು ವಾಟ್ಸಾಪಿನಲ್ಲಿ ಓಡಾಡುವ ಸಾಲನ್ನು ಯಾರಾದರೂ ಎತ್ತಿಯೇ ಎತ್ತುತ್ತಾರೆ. ಅದರ ಉತ್ತರಾರ್ಧ ಮಹಾಭಾರತದ್ದಲ್ಲ. ಭಂಡಾರ್ಕರ್ ಸಂಸ್ಥೆ 1919ರಿಂದ 1966ರವರೆಗೆ ಕೂತು ಸಿದ್ಧಪಡಿಸಿದ ಪರಿಷ್ಕೃತ ಆವೃತ್ತಿ ನಿಮ್ಮ ಊರಿನದೇ. ಅನುಶಾಸನಪರ್ವ ತೆಗೆದು ತೋರಿಸಿ: ಅಲ್ಲಿ ಮುಂದೆ ಬರುವುದು ಅಹಿಂಸೆಯೇ ದಾನ, ಅಹಿಂಸೆಯೇ ತಪಸ್ಸು ಎಂಬ ಮಾತು.

ಮಡಗಾಂವ್_ಕಡತ:
ಒಂದೇ ಧರ್ಮದ ಉದಾಹರಣೆ ಇಟ್ಟರೆ ಹುಡುಗರಲ್ಲಿ ಅರ್ಧಕ್ಕರ್ಧ ಕಿವಿ ಮುಚ್ಚಿಕೊಳ್ಳುತ್ತಾರೆ. ಬೈಬಲಿನ ಮತ್ತಾಯ 27:25 ಸೇರಿಸಿ, ಯೇಸುವನ್ನು ಶಿಲುಬೆಗೇರಿಸಬೇಕೆಂದು ಗುಂಪು ಕೂಗಿದ್ದು: "ಆತನ ರಕ್ತವು ನಮ್ಮ ಮೇಲೆಯೂ ನಮ್ಮ ಮಕ್ಕಳ ಮೇಲೆಯೂ ಇರಲಿ." ಒಂದು ದಿನ ಒಂದು ಗುಂಪು ಕೂಗಿದ ಮಾತನ್ನು ಶತಮಾನಗಳ ಕಾಲ ಯೆಹೂದ್ಯರೆಲ್ಲರ ತಲೆಗೆ ಕಟ್ಟಿದರು. ಗೋವೆಯಲ್ಲಿ 1560ರಲ್ಲಿ ಶುರುವಾದ ಇನ್‌ಕ್ವಿಸಿಷನ್ (ಧರ್ಮ ತಪ್ಪಿದವರನ್ನು ವಿಚಾರಿಸುವ ಚರ್ಚಿನ ನ್ಯಾಯಮಂಡಳಿ) ಮೊದಲು ಬೆನ್ನಟ್ಟಿದ್ದು ಗುಟ್ಟಾಗಿ ಯೆಹೂದಿ ಆಚಾರ ನಡೆಸುತ್ತಾರೆಂಬ ಗುಮಾನಿಯಿದ್ದ ಹೊಸ ಕ್ರೈಸ್ತರನ್ನು. ಹಿಂದೂ ಮೂಲದವರ ಸರದಿ ಆಮೇಲೆ ಬಂತು. ಆಸ್ತಿ ಮುಟ್ಟುಗೋಲೂ ಜೊತೆಗಿತ್ತು, ಅದನ್ನು ಬಿಡಬೇಡಿ. ಯೇಸುವಿನ ಸಾವಿನ ಹೊರೆ ಇಂದಿನ ಯೆಹೂದ್ಯರದಲ್ಲ ಎಂದು ವ್ಯಾಟಿಕನ್ ಸಭೆ ಘೋಷಿಸಿದ್ದು 1965ರಲ್ಲಿ.

ಕೋಥ್ರೂಡ್_ಓದುಗ:
ಇಷ್ಟೆಲ್ಲ 90 ನಿಮಿಷದಲ್ಲಿ ಹಿಡಿಸುತ್ತದೆಯೇ?

ಮಾಟುಂಗಾ_ನಾಗವೇಣಿ:
ಇಲ್ಲ ರೀ. ಖಾಂಡವ ಮತ್ತು ಆಸ್ತೀಕಕ್ಕೆ 50 ನಿಮಿಷ, ಮತ್ತಾಯಕ್ಕೆ 20, ಉಳಿದದ್ದು ಮಾತಿಗೆ. ಹಳೇಪುಟದವರ ಭಾಗ ಬೇರೊಂದು ದಿನಕ್ಕೆ ಇರಲಿ, ಅದು ಅವಸರದಲ್ಲಿ ಮುಗಿಯುವಂಥದ್ದಲ್ಲ. ಅಲ್ಲಿನ ಮಕ್ಕಳಲ್ಲಿ ಹಲವರು ಕನ್ನಡ ಆಡುತ್ತಾರೆ, ಓದುವಾಗ ತಡವರಿಸುತ್ತಾರೆ. ಕನ್ನಡದ ಸಾಲುಗಳನ್ನೇ ದೇವನಾಗರಿಯಲ್ಲೂ ಅಚ್ಚು ಹಾಕಿಸಿ ಕೊಡಿ.